ನಲ್ಲಿ ಹೊಸದು, ನೀರು ಅದೇ ಹಳೇ ಬೋರಿನದು. ಫ್ಲೋರೈಡ್ ಊರಿನವರು ಯಾರ ಹತ್ತಿರ ಹೋಗಬೇಕು?

ರಾಗಿಹೊಲ:
ನಮ್ಮದು ಪಾವಗಡ ಕಡೆಯ ಒಂದು ಊರು. ಹೆಸರು ಬೇಡ ಬಿಡಿ, ಇಲ್ಲಿ ಎಲ್ಲರೂ ಎಲ್ಲರಿಗೂ ಬೇಕಾದವರೇ. ಶುದ್ಧ ಕುಡಿಯುವ ನೀರಿನ ಘಟಕ ನಿಂತು 5 ತಿಂಗಳಾಯಿತು. 5 ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್ ಬರುತ್ತಿತ್ತು, ಈಗ ಕಾಯಿನ್ ಹಾಕುವ ತೂತಿನಲ್ಲಿ ಕಡಜ ಗೂಡು ಕಟ್ಟಿದೆ. ಇದರ ಮಧ್ಯೆ ಜಲಜೀವನ್ ಯೋಜನೆಯ ನಲ್ಲಿ ಬಂತು. ಮನೆ ಮುಂದೆ ಪುಟ್ಟ ಸಿಮೆಂಟ್ ಕಂಬ, ಅದಕ್ಕೊಂದು ನಲ್ಲಿ. ಎರಡು ದಿನಕ್ಕೊಮ್ಮೆ ನೀರು ಬಿಡುತ್ತಾರೆ. ಸಂತೋಷ. ಆದರೆ ಆ ನೀರು ಎಲ್ಲಿಂದ ಬರುತ್ತದೆ ಅಂತ ನೋಡಿದರೆ ಅದೇ ಹಳೇ ಬೋರು, ಅದೇ ಟ್ಯಾಂಕು. ಪೈಪ್ ಮಾತ್ರ ಹೊಸದು.

ನಮ್ಮಪ್ಪನಿಗೆ 62 ವರ್ಷ. ಹಿಂದಿನಿಂದ ಯಾರಾದರೂ ಕೂಗಿದರೆ ಕತ್ತು ತಿರುಗಿಸೋದಕ್ಕೆ ಆಗಲ್ಲ, ನಿಂತಲ್ಲೇ ಇಡೀ ಮೈ ತಿರುಗಿಸುತ್ತಾರೆ. ಮಗಳಿಗೆ ಹಾಲುಹಲ್ಲು ಬಿದ್ದ ಮೇಲೆ ಬಂದ ಹಲ್ಲಿಗೆಲ್ಲ ಕಂದು ಗೆರೆ. ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇದ್ದರೆ ಹಲ್ಲು, ಮೂಳೆ ಹೀಗೇ ಕೆಡೋದು.

ಪಂಚಾಯ್ತಿಗೆ ಹೋದರೆ ಕಂಟ್ರಾಕ್ಟರ್ ನೋಡಬೇಕು ಅಂತಾರೆ. ಕಂಟ್ರಾಕ್ಟರ್‌ಗೆ ಫೋನ್ ಮಾಡಿದರೆ ನಮ್ಮ ನಿರ್ವಹಣೆ ಅವಧಿ ಮುಗೀತು ಅಂತಾನೆ. ಇಲಾಖೆಯವರು ಘಟಕ ಪಂಚಾಯ್ತಿಗೆ ಹಸ್ತಾಂತರ ಆಗಿದೆ ಅಂತ ಕಾಗದ ತೋರಿಸುತ್ತಾರೆ. ಮೂರು ಜನವೂ ಸುಳ್ಳು ಹೇಳುತ್ತಿಲ್ಲ, ಅದೇ ಬೇಜಾರು. ಈಗ ಯಾರ ಹತ್ತಿರ ಹೋಗಬೇಕು, ಗೊತ್ತಿದ್ದವರು ಹೇಳಿ.

ಘಾಟಿ ಬೈಕರ್:
ಸದ್ಯಕ್ಕೆ ಕುದಿಸಿ ಆರಿಸಿ ಕುಡೀರಿ ಸಾರ್. ನಮ್ಮ ಮನೆಯಲ್ಲಿ ಮಳೆಗಾಲ ಪೂರ್ತಿ ಹಾಗೇ.

ಲ್ಯಾಬ್ ಅಕ್ಕ:
ಅಯ್ಯೋ ಬೇಡ! ಕುದಿಸಿದರೆ ಕ್ರಿಮಿ ಸಾಯುತ್ತೆ, ಫ್ಲೋರೈಡ್ ಎಲ್ಲೂ ಹೋಗಲ್ಲ. ಸಾರು ಬತ್ತಿದರೆ ಉಪ್ಪು ಜಾಸ್ತಿ ಆಗಲ್ವಾ, ಹಾಗೆ ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಫ್ಲೋರೈಡ್ ಇನ್ನೂ ಸ್ವಲ್ಪ ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಇಲ್ಲ, ತಾಮ್ರದ ಬಿಂದಿಗೆಯಲ್ಲಿಟ್ಟರೂ ಇಲ್ಲ, ಮನೆಯ ಕ್ಯಾಂಡಲ್ ಫಿಲ್ಟರ್‌ಗೂ ಅದು ಸಿಗಲ್ಲ.

ನಾನು 11 ವರ್ಷ ನೀರಿನ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವಳು, ಈಗ ಬಿಟ್ಟಿದ್ದೇನೆ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಐಎಸ್ 10500. ಅದರಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲ ಅನ್ನೋ ಕಡೆ 1.5 ತನಕ ಒಪ್ಪಬಹುದು. ಅದಕ್ಕಿಂತ ಮೇಲೆ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯದೂ 1.5. ನಿಮ್ಮ ಬೋರಿನಲ್ಲಿ ಎಷ್ಟಿದೆ? ಯಾವಾಗ ಟೆಸ್ಟ್ ಮಾಡಿಸಿದ್ದು? ಈ ಎರಡು ಗೊತ್ತಿಲ್ಲದೆ ಯಾರ ಹತ್ತಿರ ಹೋದರೂ ಟೀ ಕೊಟ್ಟು ಕಳಿಸುತ್ತಾರೆ.

ರಾಗಿಹೊಲ:
ಘಟಕದ ಗೋಡೆ ಮೇಲೆ ಪೇಂಟ್‌ನಲ್ಲಿ ಬರೆದಿದ್ದಾರೆ ಅಕ್ಕ, ‘ಕಚ್ಚಾ ನೀರು ಫ್ಲೋರೈಡ್ 2.8’ ಅಂತ. ಅದು ಘಟಕ ಕಟ್ಟಿದಾಗಿನ ಲೆಕ್ಕ, 7 ವರ್ಷ ಆಯಿತು. ಆಮೇಲೆ ಆ ಬೋರು ಬತ್ತಿ ಪಕ್ಕದಲ್ಲೇ 1,100 ಅಡಿ ಕೊರೆಸಿದರು. ಅದನ್ನು ಟೆಸ್ಟ್ ಮಾಡಿದ್ದು ನಾನಂತೂ ನೋಡಿಲ್ಲ.

ಲ್ಯಾಬ್ ಅಕ್ಕ:
ಹಾಗಾದರೆ ಗೋಡೆ ಮೇಲಿನದು ಸತ್ತುಹೋದ ಬೋರಿನ ಜಾತಕ. ನಿಮ್ಮ ಕಡೆ ನೆಲದಡಿ ಗ್ರಾನೈಟ್. ಆ ಕಲ್ಲಿನಲ್ಲೇ ಫ್ಲೋರೈಡ್ ಇದೆ. ನೀರು ಆಳದಲ್ಲಿ ವರ್ಷಗಟ್ಟಲೆ ಕಲ್ಲಿನ ಸಂದಿಯಲ್ಲಿ ಕೂತಷ್ಟೂ ಅದು ಕರಗಿ ಸೇರುತ್ತದೆ. ಆಳಕ್ಕೆ ಹೋದರೆ ನೀರು ಸಿಗಬಹುದು, ಒಳ್ಳೇ ನೀರು ಸಿಗುತ್ತೆ ಅಂತ ಏನಿಲ್ಲ. ಮೊದಲು ಟೆಸ್ಟ್ ಮಾಡಿಸಿ. ಪಂಚಾಯ್ತಿಯಲ್ಲಿ ಕಿಟ್ ಇರಬೇಕು, ಕೇಳಿ.

ಹಳೇ ಫೈಲು:
ನಾನು ಸರ್ಕಾರಿ ಕಚೇರಿಯಲ್ಲಿ ಟಿಪ್ಪಣಿ ಬರೆದೇ ರಿಟೈರ್ ಆದವನು. ಆದ್ದರಿಂದ ಕಾಗದದ ಮಾತು ಹೇಳುತ್ತೇನೆ, ಉಪಯೋಗ ಆಗಬಹುದು.

ಜಲಜೀವನ್ ಮಿಷನ್ ಘೋಷಣೆ ಆಗಿದ್ದು 2019ರ ಆಗಸ್ಟ್ 15ಕ್ಕೆ. 2024ರೊಳಗೆ ಹಳ್ಳಿಯ ಪ್ರತಿ ಮನೆಗೂ ನಲ್ಲಿ ಅಂದರು, ಈಗ ಅದು 2028ರ ತನಕ ಹೋಗಿದೆ. ನಮ್ಮ ರಾಜ್ಯದಲ್ಲಿ ಇದಕ್ಕೆ ‘ಮನೆ ಮನೆಗೆ ಗಂಗೆ’ ಅಂತ ಹೆಸರು. ಕೇಂದ್ರದ್ದು ಅರ್ಧ, ರಾಜ್ಯದ್ದು ಅರ್ಧ ದುಡ್ಡು. ಎಲ್ಲರೂ ನಲ್ಲಿ ಎಣಿಸುತ್ತಾರೆ. ಆದರೆ ಅದರ ಮಾರ್ಗಸೂಚಿ ಓದಿ ನೋಡಿ. ಒಬ್ಬರಿಗೆ ದಿನಕ್ಕೆ 55 ಲೀಟರ್, ಐಎಸ್ 10500 ಗುಣಮಟ್ಟದ ನೀರು, ನಿಯಮಿತವಾಗಿ ಬಂದರೆ ಮಾತ್ರ ಅದನ್ನು ‘ಕಾರ್ಯನಿರತ ನಲ್ಲಿ ಸಂಪರ್ಕ’ ಅನ್ನಬೇಕು. ಅಂದರೆ 2.8 ಫ್ಲೋರೈಡ್ ಬರುವ ನಲ್ಲಿ ಅವರದೇ ಲೆಕ್ಕದಲ್ಲಿ ನಲ್ಲಿಯೇ ಅಲ್ಲ! ಗೇಟ್‌ವಾಲ್ವ್ ಇರುವ ಕಂಬ ಅಷ್ಟೇ.

ಇನ್ನೊಂದು. ಫ್ಲೋರೈಡ್, ಆರ್ಸೆನಿಕ್ ಇರುವ ಊರಿಗೆ ಹೊಳೆ ನೀರಿನ ಯೋಜನೆ ಬರುವ ತನಕ ಕುಡಿಯೋದಕ್ಕೆ, ಅಡುಗೆಗೆ ಅಂತ ಒಬ್ಬರಿಗೆ 8ರಿಂದ 10 ಲೀಟರ್ ಶುದ್ಧ ನೀರು ಕೊಡುವ ಸಮುದಾಯ ಘಟಕ ಇರಬೇಕು ಅಂತಲೂ ಅದರಲ್ಲೇ ಇದೆ. ನಿಮ್ಮ ಊರಿನ ಆರ್‌ಒ ಘಟಕದ್ದು (ಮೆಂಬ್ರೇನ್ ಅನ್ನೋ ತೆಳು ಪೊರೆಯಲ್ಲಿ ನೀರು ಒತ್ತಿ ಕರಗಿದ ಲವಣ ತೆಗೆಯೋದು) ಅದೇ ಕೆಲಸ. ಅದನ್ನು ರಿಪೇರಿ ಮಾಡಿಸಿ ಅಂತ ಕೇಳುವುದು ಬೇಡಿಕೆ ಅಲ್ಲ, ಹಕ್ಕು. ಅರ್ಜಿಯಲ್ಲಿ ‘ದಯವಿಟ್ಟು’ ಒಂದೇ ಸಲ ಬರೆಯಿರಿ.

ಕೆಂಪು ಬಸ್ಸು:
‘ಗೇಟ್‌ವಾಲ್ವ್ ಇರುವ ಕಂಬ’ 😂 ನಮ್ಮೂರಲ್ಲಿ ಆ ಕಂಬಕ್ಕೆ ಕರು ಕಟ್ಟುತ್ತಾರೆ. ಹಗ್ಗ ಜಾರದ ಹಾಗೆ ನಲ್ಲಿಯೇ ಮೊಳೆ.

ವಾಟರ್‌ಮ್ಯಾನ್ ಮಗ:
ಎಲ್ಲರೂ ಪಂಚಾಯ್ತಿಗೆ, ಇಲಾಖೆಗೆ ಬೈತಾ ಇದ್ದೀರಿ, ಸರಿ. ನಮ್ಮಪ್ಪ 19 ವರ್ಷದಿಂದ ಪಂಚಾಯ್ತಿ ವಾಟರ್‌ಮ್ಯಾನ್. ನಮ್ಮ ತಾತನನ್ನು ನೀರುಗಂಟಿ ಅಂತಿದ್ದರು, ಕೆರೆ ತೂಬು ತೆಗೆಯೋದು ಅವರ ಕೆಲಸ. ಅಪ್ಪನ ಕೆಲಸ ಏನು ಅಂತ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ನೀರು ಚೆನ್ನಾಗಿದೆಯೋ ಇಲ್ಲವೋ ಅನ್ನೋದು ಕೊನೆಗೆ ಬಂದು ನಿಲ್ಲೋದು ಆ ಮನುಷ್ಯನ ಕೈಯಲ್ಲಿ.

ಬೆಳಿಗ್ಗೆ ನಾಲ್ಕೂವರೆಗೆ ಕರೆಂಟ್ ಬಂದರೆ ಮೋಟಾರ್ ಆನ್. ಟ್ಯಾಂಕ್ 50,000 ಲೀಟರ್. ತುಂಬಿದ ಮೇಲೆ ಬ್ಲೀಚಿಂಗ್ ಪೌಡರ್ ಹಾಕಬೇಕು. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಅಂತ ಒಂದು ಸಲ ಟ್ರೇನಿಂಗ್‌ನಲ್ಲಿ ಹೇಳಿದ್ದರು, ಅಂದರೆ ನಮ್ಮ ಟ್ಯಾಂಕಿಗೆ 125 ಗ್ರಾಂ. ಅಪ್ಪನ ಹತ್ತಿರ ತಕ್ಕಡಿ ಇಲ್ಲ. ಒಂದು ಹಳೇ ಡಾಲ್ಡಾ ಡಬ್ಬ ಇದೆ, ಅದರ ಅರ್ಧ. ಪೌಡರ್ ಬಕೆಟ್‌ನಲ್ಲಿ ಕಲಸಿ, ಸುಣ್ಣದ ಗಸಿ ಕೆಳಗೆ ಕೂರುವ ತನಕ ಕಾದು, ತಿಳಿ ಮಾತ್ರ ಟ್ಯಾಂಕಿಗೆ ಸುರಿಯಬೇಕು. ಆ ಬಕೆಟ್ ಹಿಡಿದು 40 ಅಡಿ ಏಣಿ ಹತ್ತಬೇಕು. ಅಪ್ಪನಿಗೆ ಮಂಡಿ ನೋವು. ಹತ್ತುತ್ತಾರೋ ಇಲ್ಲವೋ ನಾನು ಕೇಳಲ್ಲ.

ಇನ್ನು ಪೌಡರ್ ಕಥೆ. 25 ಕೆಜಿ ಮೂಟೆ ಬಂದು ಪಂಚಾಯ್ತಿ ಮೂಲೆಯಲ್ಲಿ ಬಾಯಿ ತೆರೆದು ಕೂತಿರುತ್ತದೆ. ಎರಡು ತಿಂಗಳಲ್ಲಿ ಗಂಟು ಗಂಟಾಗಿ ವಾಸನೆಯೇ ಇರಲ್ಲ. ವಾಸನೆ ಹೋಯಿತು ಅಂದರೆ ಕ್ಲೋರಿನ್ ಹೋಯಿತು ಅಂತಲೇ. ಹೊಸ ಮೂಟೆ ಯಾವಾಗ ಒಡೆಯುತ್ತಾರೆ ಗೊತ್ತಾ? ದೊಡ್ಡವರು ಯಾರಾದರೂ ಬರುವ ದಿನ, ರಸ್ತೆ ಎರಡೂ ಕಡೆ ಬಿಳಿ ಗೆರೆ ಎಳೆಯೋದಕ್ಕೆ. ಟ್ಯಾಂಕಿಗೆ ಹಳೇದು, ರಸ್ತೆಗೆ ಹೊಸದು.

ಜನರೂ ಕಮ್ಮಿ ಇಲ್ಲ. ಬ್ಲೀಚಿಂಗ್ ಸರಿಯಾಗಿ ಹಾಕಿದ ದಿನ ಮನೆಗೇ ಬಂದು ಗಲಾಟೆ, ‘ನೀರು ವಾಸನೆ, ಸಾರು ಕೆಟ್ಟುಹೋಯಿತು’ ಅಂತ. ಹಾಕದ ದಿನ ಯಾರೂ ಬರಲ್ಲ. ನೀವೇ ಅಪ್ಪನ ಜಾಗದಲ್ಲಿದ್ದರೆ ಏನು ಮಾಡುತ್ತೀರಿ?

ಲ್ಯಾಬ್ ಅಕ್ಕ:
ತಮ್ಮ, ನೂರಕ್ಕೆ ನೂರು ನಿಜ. ಹೊಸ ಪೌಡರ್‌ನಲ್ಲಿ ನೂರಕ್ಕೆ 33ರಷ್ಟು ಕ್ಲೋರಿನ್ ಇರುತ್ತದೆ, ಆ 125 ಗ್ರಾಂ ಲೆಕ್ಕ ಅದಕ್ಕೆ. ತೇವ ತಿಂದ ಪೌಡರ್‌ಗೆ ಆ ಲೆಕ್ಕ ನಡೆಯಲ್ಲ. ಹಾಕಿದ ಮೇಲೆ ಅರ್ಧ ಗಂಟೆ ಬಿಟ್ಟು ನೀರು ಬಿಡಬೇಕು, ಊರಿನ ಕೊನೇ ಮನೆ ನಲ್ಲಿಯಲ್ಲೂ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಕೊನೇ ಮನೆ, ಮೊದಲನೇ ಮನೆ ಅಲ್ಲ. ಸ್ಯಾಂಪಲ್ ತೆಗೆಯುವವರು ಟ್ಯಾಂಕ್ ಕೆಳಗಿನ ಮನೆಯಲ್ಲೇ ತುಂಬಿಕೊಂಡು ಹೋಗುತ್ತಾರೆ, ಬಿಸಿಲು ನೋಡಿ.

ಮಸ್ಕತ್ ಮಂಜ:
ನಾನಿರುವ ಮಸ್ಕತ್‌ನಲ್ಲಿ ಸಮುದ್ರದ ನೀರನ್ನೇ ಸಿಹಿ ಮಾಡಿ ಕೊಡುತ್ತಾರೆ. ತಿಂಗಳಿಗೆ ಬಿಲ್ ಬರುತ್ತದೆ, ಕಟ್ಟುತ್ತೇವೆ, ನೀರು ಬರುತ್ತದೆ. ನಮ್ಮ ಜನ ನೀರಿಗೆ ದುಡ್ಡು ಕೊಡಲ್ಲ, ಆಮೇಲೆ ಸರ್ಕಾರ ಸರಿ ಇಲ್ಲ ಅಂತಾರೆ. ನಮ್ಮೂರ ಪಂಚಾಯ್ತಿಯಲ್ಲಿ ನೀರಿನ ಕಂದಾಯ ಕಟ್ಟಿದವರು ಎಷ್ಟು ಜನ ಕೇಳಿ ನೋಡಿ.

ಕೆಂಪು ಬಸ್ಸು:
ಬಂದರಪ್ಪ ದುಡ್ಡು ಕಟ್ಟೋರು. ಫ್ಲೋರೈಡ್ ನೀರಿಗೂ ಬಿಲ್ ಕಟ್ಟಬೇಕಾ? ಮೊದಲು ನೀರು ಕೊಡಲಿ.

ಹಳೇ ಫೈಲು:
ಮಂಜಣ್ಣ ಹೇಳೋದರಲ್ಲಿ ಅರ್ಧ ನಿಜ ಇದೆ. ಪಂಚಾಯ್ತಿಗಳ ಮೋಟಾರ್ ಕರೆಂಟ್ ಬಿಲ್ಲೇ ಬೆಟ್ಟದಷ್ಟು ಬಾಕಿ ಇರುತ್ತದೆ. ಆದರೆ ದುಡ್ಡೇ ಇಲ್ಲ ಅನ್ನೋದು ಅಲ್ಲ. 2026ರ ಮಾರ್ಚ್ ತನಕದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ಭಾಗ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿತ್ತು, ಅದರಲ್ಲಿ ಅರ್ಧ ನೀರಿಗೆ. ಜಲಜೀವನ್ ದುಡ್ಡಿನಲ್ಲೂ 2 ಪರ್ಸೆಂಟ್ ತನಕ ನೀರಿನ ಪರೀಕ್ಷೆ, ನಿಗಾ ಅಂತ ಇಡಬಹುದು. ಹೊಸದು ಕಟ್ಟೋದಕ್ಕೆ ಉದ್ಘಾಟನೆ ಇದೆ, ಕಲ್ಲಿನ ಮೇಲೆ ಹೆಸರಿದೆ. ಮೆಂಬ್ರೇನ್ ಬದಲಾಯಿಸಿದ್ದಕ್ಕೆ ಕಲ್ಲು ಹಾಕಿಸಿದವರನ್ನು ನನ್ನ ಸರ್ವೀಸಿನಲ್ಲಿ ನೋಡಿಲ್ಲ.

ಹಟ್ಟಿ ಹುಡುಗ:
ನಮ್ಮ ಕಡೆ ಬರ್ರಿ ಸ್ವಲ್ಪ. ನೀವೆಲ್ಲಾ ಫ್ಲೋರೈಡ್ ಅಂತೀರಿ, ಹಟ್ಟಿ ಚಿನ್ನದ ಗಣಿ ಸುತ್ತಮುತ್ತ ಬೋರಿನಾಗ ಆರ್ಸೆನಿಕ್ ಐತಿ. ಚಿನ್ನ ಇರೋ ಕಲ್ಲಿನಾಗೇ ಅದೂ ಇರ್ತದ. ಅದರ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಅಂದರೆ ಫ್ಲೋರೈಡ್ ಮಿತಿಯ ನೂರರಾಗ ಒಂದು ಪಾಲು. ಬಣ್ಣ ಇಲ್ಲ, ರುಚಿ ಇಲ್ಲ, ವಾಸನೆ ಇಲ್ಲ. ವರ್ಷಗಟ್ಟಲೆ ಕುಡಿದ ಮೇಲೆ ಅಂಗೈ, ಅಂಗಾಲು ಗಟ್ಟಿಯಾಗಿ ಗಂಟು ಬರ್ತಾವ, ಮೈ ಮೇಲೆ ಚುಕ್ಕಿ ಬೀಳ್ತಾವ. ನಮ್ಮ ದೊಡ್ಡಪ್ಪನ ಅಂಗೈ ನೋಡಿ ಡಾಕ್ಟರ್ ಮೊದಲು ಕೇಳಿದ್ದು ‘ಏನು ಕೆಲಸ ಮಾಡ್ತೀರಿ’ ಅಂತ. ಯಾವ ನೀರು ಕುಡಿತೀರಿ ಅಂತ ಕೇಳಿದ್ದು ಮೂರನೇ ಡಾಕ್ಟರ್.

ಮತ್ತ ರಾಯಚೂರು ನೆನಪೈತಿಲ್ಲೋ? ಜಿಲ್ಲೆಗೆ ಒಂದು ಕಡೆ ಕೃಷ್ಣಾ, ಇನ್ನೊಂದು ಕಡೆ ತುಂಗಭದ್ರಾ. ಅಂಥಾ ಊರಾಗ 2022ರ ಮೇ ಕೊನೆಗೆ ನಗರಸಭೆ ನಲ್ಲಿ ನೀರು ಕುಡಿದು ಮಂದಿ ಸತ್ತರು. ಅಲ್ಲಿ ಫ್ಲೋರೈಡೂ ಅಲ್ಲ, ಆರ್ಸೆನಿಕ್ಕೂ ಅಲ್ಲ, ಹೊಲಸು ನೀರು.

ಕೆಂಪು ಬಸ್ಸು:
2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿ ಕೂಡ. ನಲ್ಲಿ ನೀರು ಕುಡಿದು ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, ಸಾವೂ ಆಯಿತು. ನಮ್ಮ ಅತ್ತೆ ಮನೆ ಆ ಕಡೆ. ಆ ವಾರ ಊರೂರಿಗೂ ಬಂದು ಟ್ಯಾಂಕ್ ತೊಳೆದರು, ದಿನಾಂಕ ಬರೆದರು. ಆ ದಿನಾಂಕ ಇವತ್ತೂ ಟ್ಯಾಂಕ್ ಮೇಲೆ ಹಾಗೇ ಇದೆ.

ವಾಟರ್‌ಮ್ಯಾನ್ ಮಗ:
ಹೊಲಸು ಹೇಗೆ ಸೇರುತ್ತೆ ಅಂತ ಯಾರೂ ಹೇಳಲಿಲ್ಲ, ಹೇಳುತ್ತೇನೆ. ನಮ್ಮಲ್ಲಿ ನೀರು ಬಿಡೋದು ದಿನಕ್ಕೆ ಒಂದು ಗಂಟೆ. ಉಳಿದ 23 ಗಂಟೆ ಪೈಪ್ ಖಾಲಿ. ಪೈಪ್ ಹೋಗೋದು ಚರಂಡಿ ಪಕ್ಕ, ಕೆಲವು ಕಡೆ ಚರಂಡಿ ಒಳಗೇ. ಜಾಯಿಂಟ್ ಒಂಚೂರು ಬಿಟ್ಟಿದ್ದರೆ ಸಾಕು, ನೀರಿದ್ದಾಗ ಹೊರಗೆ ಸೋರುತ್ತೆ, ನಿಂತಾಗ ಹೊರಗಿನದು ಒಳಗೆ ಇಳಿಯುತ್ತೆ. ಇದರ ಮೇಲೆ ಜನ ನಲ್ಲಿಗೇ ಮೋಟಾರ್ ಹಾಕಿ ಎಳೀತಾರಲ್ಲ, ಅದು ಪಕ್ಕದ ಮನೆ ನೀರನ್ನು ಮಾತ್ರ ಎಳೆಯಲ್ಲ, ಚರಂಡಿಯನ್ನೂ ಎಳೆಯುತ್ತೆ. ನಮ್ಮಮ್ಮ ಮೊದಲ ಎರಡು ಬಿಂದಿಗೆ ಗಿಡಕ್ಕೆ ಹಾಕ್ತಾರೆ, ಯಾರೂ ಹೇಳಿಕೊಟ್ಟಿದ್ದಲ್ಲ.

ಬಾಡಿಗೆ ಮನೆ:
ಬೆಂಗಳೂರಿನಿಂದ. ನಮ್ಮ ಬಿಲ್ಡಿಂಗ್‌ನಲ್ಲಿ ಕಾವೇರಿ ನೀರೇ ಬರುತ್ತೆ, ಆದರೂ ಎಲ್ಲರ ಮನೆಯಲ್ಲಿ ಆರ್‌ಒ. ಹಳ್ಳಿಗೂ ಮನೆಗೊಂದು ಸಬ್ಸಿಡಿಯಲ್ಲಿ ಆರ್‌ಒ ಕೊಟ್ಟುಬಿಟ್ಟರೆ ಮುಗೀತಲ್ವಾ?

ಲ್ಯಾಬ್ ಅಕ್ಕ:
ಮುಗಿಯಲ್ಲ. ಕಾವೇರಿ ನೀರಿಗೆ ಆರ್‌ಒ ಬೇಕಾಗೇ ಇಲ್ಲ. ಕರಗಿದ ಲವಣ 500 ಮಿಲಿಗ್ರಾಂಗಿಂತ ಕಮ್ಮಿ ಇರುವ ಕಡೆ ಆರ್‌ಒ ನಿಷೇಧ ಮಾಡಿ ಅಂತ 2019ರಲ್ಲೇ ಹಸಿರು ನ್ಯಾಯಮಂಡಳಿ ಹೇಳಿತ್ತು. ಆರ್‌ಒ ಒಂದು ಬಿಂದಿಗೆ ಒಳ್ಳೇದು ಕೊಟ್ಟರೆ ಒಂದೋ ಎರಡೋ ಬಿಂದಿಗೆ ಆಚೆ ತಳ್ಳುತ್ತೆ. ನೀರಿಲ್ಲದ ಊರಿನಲ್ಲಿ ಅದನ್ನು ಮನೆ ಮನೆಗೆ ಇಟ್ಟರೆ ಬೋರು ಇನ್ನೂ ಬೇಗ ಬತ್ತುತ್ತೆ.

ಹಳ್ಳಿ ಘಟಕದವರಿಗೆ ಒಂದು ಮಾತು. ಆ ಆಚೆ ಬಿಟ್ಟ ನೀರಿನಲ್ಲಿ ಫ್ಲೋರೈಡ್ ಮಾಮೂಲಿ ಬೋರಿನ ನೀರಿಗಿಂತ ಜಾಸ್ತಿ. ಅದನ್ನು ಪೈಪ್ ಹಾಕಿ ದನದ ತೊಟ್ಟಿಗೆ ಬಿಟ್ಟಿರೋದನ್ನು ಎಷ್ಟು ಕಡೆ ನೋಡಿದ್ದೇನೆ! ವ್ಯರ್ಥ ಆಗಬಾರದು ಅನ್ನೋ ಒಳ್ಳೇ ಮನಸ್ಸೇ, ಆದರೆ ದನಕ್ಕೂ ಹಲ್ಲಿದೆ, ಮೂಳೆ ಇದೆ.

ಘಾಟಿ ಬೈಕರ್:
ದನದ ವಿಷಯ ಗೊತ್ತೇ ಇರಲಿಲ್ಲ. ಕುದಿಸೋ ಸಲಹೆ ವಾಪಸ್ ತಗೊಂಡೆ ಅಕ್ಕ 🙏

ಕೋಲಾರದ ಕಟ್ಟೆ:
ನಮ್ಮ ಕಥೆಯೂ ಸೇರಿಸಿ. ಕೋಲಾರದಲ್ಲೂ ಫ್ಲೋರೈಡ್, ಬೋರು 1,500 ಅಡಿ. ಸರ್ಕಾರ ಏನು ಮಾಡಿತು, ಬೆಂಗಳೂರಿನ ಕೊಳಚೆ ನೀರು ಶುದ್ಧ ಮಾಡಿ ನಮ್ಮ ಕೆರೆಗೆ ಕಳಿಸಿತು, ಕೆ.ಸಿ. ವ್ಯಾಲಿ ಯೋಜನೆ. ದಿನಕ್ಕೆ 44 ಕೋಟಿ ಲೀಟರ್, 126 ಕೆರೆ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂದಾಗ ಜನ ಪೂಜೆ ಮಾಡಿದರು. ಮುಂದಿನ ತಿಂಗಳೇ ನೊರೆ ಬಂತು, ಹೈಕೋರ್ಟ್ ತಡೆ ಕೊಟ್ಟಿತು, ಆಮೇಲೆ ಸುಪ್ರೀಂ ಕೋರ್ಟ್ ತನಕ ಹೋಯಿತು.

ನಮ್ಮ ತೋಟದ ಬೋರು 4 ವರ್ಷ ಸತ್ತಿತ್ತು, ಕೆರೆ ತುಂಬಿದ ಮೇಲೆ ಬದುಕಿತು. ಸುಳ್ಳು ಹೇಳಲ್ಲ, ಟೊಮೆಟೊ ಬೆಳೆದಿದ್ದೇನೆ, ಸಾಲ ತೀರಿಸಿದ್ದೇನೆ. ಆದರೆ ಶುದ್ಧೀಕರಣ ಎರಡನೇ ಹಂತದವರೆಗೆ ಮಾತ್ರ. ಮೂರನೇ ಹಂತ ಮಾಡಿ ಅಂತ ನಮ್ಮ ನೀರಾವರಿ ಹೋರಾಟದವರು ಕೇಳುತ್ತಲೇ ಇದ್ದಾರೆ. ಆ ನೀರು ಅಂತರ್ಜಲಕ್ಕೆ, ಕುಡಿಯೋದಕ್ಕಲ್ಲ ಅಂತಾರೆ. ಸರಿಯಪ್ಪ, ನಾವು ಕುಡಿಯೋದು ಯಾವುದು? ಅಂತರ್ಜಲವೇ ತಾನೇ? ಎತ್ತಿನಹೊಳೆ ಬರುತ್ತೆ ಅಂತ ಕಾಯ್ತಾ ಇದ್ದೇವೆ, 8,323 ಕೋಟಿ ಅಂದಿದ್ದು 23,251 ಕೋಟಿ ಆಗಿದೆ. 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಕಡೆ ಬಟನ್ ಒತ್ತಿದರು. ನಮ್ಮ ಬಿಂದಿಗೆಗೆ ಬಂದಾಗ ಇಲ್ಲೇ ಪೋಸ್ಟ್ ಹಾಕ್ತೀನಿ.

ಮಸ್ಕತ್ ಮಂಜ:
ಯಾವ ಪಕ್ಷದ ಕಾಲದಲ್ಲಿ 23 ಸಾವಿರ ಕೋಟಿ ಆಯಿತು ಅಂತಲೂ ಹೇಳಿ.

ವೇದಿಕೆ ನಿರ್ವಾಹಕರು:
ಪಕ್ಷದ ಜಗಳದ 14 ಕಾಮೆಂಟ್ ತೆಗೆದಿದ್ದೇನೆ. ಅದಕ್ಕೆ ಬೇರೆ ಕಟ್ಟೆ ಇದೆ. ಇಲ್ಲಿ ನೀರು ಮಾತ್ರ.

ಟೀಚರಮ್ಮ:
ನಾನು ಶಿರಾ ಕಡೆ ಶಾಲೆಯಲ್ಲಿ ಪಾಠ ಮಾಡುತ್ತೇನೆ. ನಮ್ಮ ಶಾಲೆ ತಾರಸಿ ಮಳೆನೀರು ನೆಲದಡಿ ತೊಟ್ಟಿಗೆ ಇಳಿಸಿದ್ದೇವೆ. ಮೊದಲ ಮಳೆಯ ಕೊಳೆ ಆಚೆ ಹೋಗೋದಕ್ಕೆ ಒಂದು ಪೈಪ್, ಆಮೇಲೆ ಜಲ್ಲಿ, ಮರಳು, ಇದ್ದಿಲು. ಮಳೆನೀರಿನಲ್ಲಿ ಫ್ಲೋರೈಡ್ ಅನ್ನೋದು ಇಲ್ಲವೇ ಇಲ್ಲ ಅನ್ನಬಹುದು. ಬಿಸಿಲು, ಗಾಳಿ ಹೋಗದ ಹಾಗೆ ಮುಚ್ಚಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಅಡುಗೆಗೂ ಅದೇ. ಅಡುಗೆ ನೀರನ್ನು ಎಲ್ಲರೂ ಮರೀತಾರೆ ನೋಡಿ. ಘಟಕದ ನೀರು ಕುಡಿಯೋದಕ್ಕೆ ತಂದು, ಅನ್ನ, ಮುದ್ದೆ, ಸಾರು, ಕಾಫಿ ಎಲ್ಲಾ ಬೋರಿನ ನೀರಿನಲ್ಲಿ ಮಾಡಿದರೆ ಫ್ಲೋರೈಡ್ ಅನ್ನದ ಜೊತೆ ಹೋಗುತ್ತೆ ಅಷ್ಟೇ.

ಫ್ಲೋರೈಡ್ ಮೂಳೆಗೆ ಇಳಿದಿದೆಯಾ ಅಂತ ನೋಡೋದಕ್ಕೆ ಮಕ್ಕಳಿಗೆ ಒಂದು ಆಟ ಮಾಡಿಸುತ್ತೇನೆ. ಮಂಡಿ ಬಗ್ಗಿಸದೆ ಕಾಲು ಬೆರಳು ಮುಟ್ಟು, ಗಲ್ಲ ಎದೆಗೆ ತಾಗಿಸು, ಕೈ ಚಾಚಿ ಮಡಿಸಿ ತಲೆ ಹಿಂದೆ ಮುಟ್ಟು. ಮನೆಗೆ ಹೋಗಿ ಅಪ್ಪ ಅಮ್ಮ ಅಜ್ಜಿ ಕೈಲೂ ಮಾಡಿಸಿ ಬರೆದುಕೊಂಡು ಬನ್ನಿ ಅಂತ ಹೇಳುತ್ತೇನೆ. ಹೋದ ವರ್ಷ ಒಬ್ಬ ಹುಡುಗ ಬರೆದುಕೊಂಡು ಬಂದ, ‘ಅಜ್ಜಿ ಮೂರೂ ಆಗಲಿಲ್ಲ, ಬೈದಳು’.

ರಾಗಿಹೊಲ:
ಟೀಚರಮ್ಮ, ನಮ್ಮಪ್ಪನಿಗೂ ಮಾಡಿಸಿದೆ. ಒಂದೂ ಆಗಲಿಲ್ಲ. ಬೈಲಿಲ್ಲ, ಎದ್ದು ಹೊರಗೆ ಹೋದರು.

ಅಪ್‌ಡೇಟ್ ಕೊಡುತ್ತೇನೆ. ಲ್ಯಾಬ್ ಅಕ್ಕ ಹೇಳಿದ ಹಾಗೆ ಪಂಚಾಯ್ತಿಯಲ್ಲಿ ಕಿಟ್ ಕೇಳಿದೆ. ಇದೆ! ಬೀರುವಿನ ಮೇಲೆ, ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ. ಪ್ರತಿ ಊರಿನಲ್ಲಿ 5 ಜನ ಹೆಣ್ಣುಮಕ್ಕಳಿಗೆ ಟೆಸ್ಟ್ ಮಾಡೋದು ಹೇಳಿಕೊಡಬೇಕಂತೆ. ನಮ್ಮ ಊರಿನ ಐವರ ಪಟ್ಟಿಯಲ್ಲಿ ನಮ್ಮ ಅತ್ತಿಗೆ ಹೆಸರೂ ಇದೆ. ಅತ್ತಿಗೆಗೆ ಅರ್ಧ ದಿನ ಟ್ರೇನಿಂಗ್ ಆಗಿದ್ದು ನಿಜ, ಊಟ ಕೊಟ್ಟಿದ್ದೂ ನಿಜ, ಕಿಟ್ ಮಾತ್ರ ಊರಿಗೆ ಬಂದಿರಲಿಲ್ಲ.

ಭಾನುವಾರ ನಮ್ಮ ಜಗಲಿ ಮೇಲೆ ಕೂತು ಮಾಡಿದೆವು. ಸಣ್ಣ ಸೀಸೆಗೆ ಗೆರೆ ತನಕ ನೀರು, ಕೆಂಪು ದ್ರಾವಣ ಕೆಲವು ಹನಿ, ಅಲ್ಲಾಡಿಸಿ ಬಣ್ಣದ ಕಾರ್ಡ್ ಪಕ್ಕ ಹಿಡಿಯಬೇಕು. ಫ್ಲೋರೈಡ್ ಇಲ್ಲದಿದ್ದರೆ ಗುಲಾಬಿ ಬಣ್ಣ ಹಾಗೇ ಇರುತ್ತೆ, ಜಾಸ್ತಿ ಇದ್ದಷ್ಟೂ ಹಳದಿ. ಹೊಸ ಬೋರಿನದು ನಿಂಬೆಹಣ್ಣಿನ ಹಳದಿ ಆಯಿತು. ನಲ್ಲಿಯದೂ ಹಾಗೇ. ಸುಮಾರು 20 ಜನ ಸುತ್ತ ನಿಂತಿದ್ದರು, ಒಬ್ಬರೂ ಮಾತಾಡಲಿಲ್ಲ. ಆಮೇಲೆ ಒಬ್ಬೊಬ್ಬರೇ ಮನೆಗೆ ಹೋಗಿ ಅವರವರ ನೀರು ಲೋಟದಲ್ಲಿ ತಂದರು. ಎಲ್ಲರದೂ ಅದೇ ನೀರು ಅಂತ ಹೇಳಿದರೂ ಕೇಳಲಿಲ್ಲ, ನಮ್ಮದು ನೋಡಿ ನಮ್ಮದು ನೋಡಿ ಅಂತ. ಸಂಜೆ ಹೊತ್ತಿಗೆ ಕಿಟ್‌ನ ಅರ್ಧ ದ್ರಾವಣ ಖಾಲಿ.

ಕೊನೆಗೆ ಒಂದು ಮುದುಕಿ ಕೆರೆ ಏರಿ ಕೆಳಗಿನ ಹಳೇ ಸೇದೋ ಬಾವಿ ನೀರು ತಂದಿತು. ಅದು ಗುಲಾಬಿಯಾಗೇ ಉಳಿಯಿತು!

ಹಳೇ ಫೈಲು:
ಶಹಬ್ಬಾಸ್. ಈಗ ಆ ಎರಡೂ ನೀರು ಪ್ರಯೋಗಾಲಯಕ್ಕೆ ಕಳಿಸಿ, ಲಿಖಿತ ವರದಿ ತಗೊಳ್ಳಿ. ಕಿಟ್ ಬಣ್ಣಕ್ಕೆ ಆಫೀಸಿನಲ್ಲಿ ಬೆಲೆ ಇಲ್ಲ, ಸೀಲ್ ಇರೋ ಕಾಗದಕ್ಕೆ ಇದೆ. ಆಮೇಲೆ ಗ್ರಾಮಸಭೆಯಲ್ಲಿ ವಿಷಯ ಎತ್ತಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಬಾಯಲ್ಲಿ ಹೇಳಿದ್ದು ಗಾಳಿಗೆ. ಬರೆದ ಪುಟದ ಫೋಟೋ ತೆಗೆದುಕೊಳ್ಳಿ.

ಲ್ಯಾಬ್ ಅಕ್ಕ:
ಆ ಬಾವಿ ಮೇಲುಮಟ್ಟದ ನೀರು, ಕೆರೆಯಿಂದ ಇಳಿದ ಮಳೆನೀರೇ. ಕಲ್ಲಿನ ಜೊತೆ ಜಾಸ್ತಿ ದಿನ ಇದ್ದಿಲ್ಲ, ಅದಕ್ಕೇ ಗುಲಾಬಿ. ಆದರೆ ಆತುರ ಬೇಡ, ಮೇಲಿನ ನೀರಿಗೆ ಬೇರೆ ಕಾಯಿಲೆ. ಕಿಟ್ ಜೊತೆ ಸಣ್ಣ ಎಚ್‌ಟುಎಸ್ ಬಾಟಲಿ ಇರುತ್ತೆ ನೋಡಿ. ಅದಕ್ಕೆ ಬಾವಿ ನೀರು ತುಂಬಿ, ಬೆಚ್ಚಗಿನ ಜಾಗದಲ್ಲಿ ಎರಡು ದಿನ ಇಡಿ. ಕಪ್ಪಾದರೆ ಮಲದ ಕ್ರಿಮಿ ಸೇರಿರಬಹುದು ಅಂತ ಅರ್ಥ. ಗೊಬ್ಬರ, ಕೊಳಚೆಯಿಂದ ಇಳಿಯುವ ನೈಟ್ರೇಟ್ ಕೂಡ ನೋಡಿ, ಮಿತಿ ಲೀಟರಿಗೆ 45 ಮಿಲಿಗ್ರಾಂ.

ರಾಗಿಹೊಲ:
ಮೂರು ವಾರ ಆಯಿತು, ತಡವಾಗಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಕಳ್ಳೇಕಾಯಿ ಕೀಳೋದು ಇತ್ತು.

ಪ್ರಯೋಗಾಲಯದ ವರದಿ ಬಂತು. ಹೊಸ ಬೋರು ಫ್ಲೋರೈಡ್ 3.1. ಗೋಡೆ ಮೇಲಿನದಕ್ಕಿಂತ ಜಾಸ್ತಿ. ಬಾವಿ 0.7. ಗ್ರಾಮಸಭೆಯಲ್ಲಿ ಓದಿದೆ, ನಡಾವಳಿಯಲ್ಲಿ ಬರೆಸಿದೆ, ಫೋಟೋ ಇದೆ. ಪಿಡಿಒ ಮೇಡಂ ಹೊಸಬರು, ಒಳ್ಳೆಯವರು. ನಲ್ಲಿ ಪಕ್ಕ ‘ಈ ನೀರು ಕುಡಿಯಲು, ಅಡುಗೆಗೆ ಬಳಸಬೇಡಿ’ ಅಂತ ಬರೆಸೋಣ ಅಂದರು, ಅದಕ್ಕೆ ಇಬ್ಬರು ಮೆಂಬರ್ ಎದ್ದು ಊರಿನ ಮರ್ಯಾದೆ ಹೋಗುತ್ತೆ ಅಂದರು. ಹೆಣ್ಣು ಕೊಡೋರು ಬರಲ್ಲ ಅಂತ. ಒಂದು ಗಂಟೆ ಅದೇ ಆಯಿತು. ಕೊನೆಗೆ ಟ್ಯಾಂಕ್ ಮೇಲೆ ಮಾತ್ರ ಬರೆಸೋದು ಅಂತ ತೀರ್ಮಾನ.

ಘಟಕಕ್ಕೆ ಮೆಂಬ್ರೇನ್, ಡೋಸಿಂಗ್ ಪಂಪ್ ಹೋಗಿದೆ ಅಂತ ಮೆಕ್ಯಾನಿಕ್ ಬಂದು ನೋಡಿದ. ಕೊಟೇಶನ್ ಕೊಟ್ಟಿದ್ದಾನೆ, ಹಣಕಾಸು ಆಯೋಗದ ದುಡ್ಡಿನಲ್ಲಿ ಮಾಡಿಸುತ್ತೇವೆ ಅಂತ ಬರೆದಿದ್ದಾರೆ. ಇನ್ನೂ ಆಗಿಲ್ಲ. ನಮ್ಮ ಕಡೆಗೆ ಬರಬೇಕಾದ ತುಂಗಭದ್ರಾ ಹೊಳೆ ನೀರಿನ ಬಗ್ಗೆ ಕೇಳಿದರೆ ‘ಪೈಪ್ ನೋಡಿದ್ದೀರಲ್ಲ’ ಅಂದರು. ಪೈಪ್ ನೋಡಿದ್ದೇವೆ.

ವಾಟರ್‌ಮ್ಯಾನ್ ಮಗ:
ಬಾವಿ ಬಾಟಲಿ ಏನಾಯಿತು? ಅದನ್ನು ಹೇಳಲೇ ಇಲ್ಲ.

ರಾಗಿಹೊಲ:
ಬೇಕೂಂತಲೇ ಹೇಳಿರಲಿಲ್ಲ ಗುರು. ಕಪ್ಪಾಯಿತು. ಒಂದೇ ದಿನಕ್ಕೆ, ಡಾಂಬರಿನ ಹಾಗೆ.

ಬಾವಿ ಕಟ್ಟೆ ಒಡೆದಿದೆ, ಮಳೆ ಬಂದರೆ ಮೇಲಿನ ನೀರು ನೇರ ಒಳಗೆ. ಹದಿನೈದು ಹೆಜ್ಜೆ ದೂರದಲ್ಲಿ ತಿಪ್ಪೆ ಇದೆ. ಕಟ್ಟೆ ಎತ್ತರಿಸಿ, ತಿಪ್ಪೆ ತೆಗೆಸಿ, ಹೂಳೆತ್ತಿ, ಬ್ಲೀಚಿಂಗ್ ಹಾಕಿದರೆ ಘಟಕ ರಿಪೇರಿ ಆಗುವ ತನಕ ಊರಿಗೆ ಕುಡಿಯೋ ನೀರಾಗುತ್ತದೆ ಅಂತ ಪಿಡಿಒ ಮೇಡಂ ಕೂಡ ಒಪ್ಪಿದ್ದಾರೆ. ಹುಡುಗರು ಕೆಲಸಕ್ಕೆ ರೆಡಿ. ಆದರೆ ಆ ತಿಪ್ಪೆ ಇದೆಯಲ್ಲ, ಅದು ನಮ್ಮ ಚಿಕ್ಕಪ್ಪಂದು. ಭಾಗ ಆದಾಗಿಂದ ನಮಗೂ ಅವರಿಗೂ ಮಾತಿಲ್ಲ, 9 ವರ್ಷ.

ಟೀಚರಮ್ಮ:
ಚಿಕ್ಕಪ್ಪನ ಹತ್ತಿರ ನೇರ ಹೋಗಬೇಡಿ. ಚಿಕ್ಕಮ್ಮನಿಗೆ ಮಂಡಿ ನೋವಿದೆಯಾ? ಅತ್ತಿಗೆಯನ್ನು ಕಳಿಸಿ, ಕಿಟ್ ತಗೊಂಡು.